ನೀರಿನ ಪಾಠಕ್ಕೆ ಒಂದು ಟಬ್ಬು ಸಾಕು

ನರ್ಸರಿ ಶಾಲೆಗಳ ಗೋಡೆಯ ಮೇಲೆ ತೊಟ್ಟಿಕ್ಕುವ ನಲ್ಲಿಯ ಚಿತ್ರವನ್ನೂ ಅದರ ಕೆಳಗೆ ‘ನೀರನ್ನು ಮಿತವಾಗಿ ಬಳಸಿ’ ಎಂಬ ಬರಹವನ್ನೂ ಬಹಳ ಕಡೆ ನೋಡಿದ್ದೇನೆ. ಓದಲು ಬಾರದ ನಾಲ್ಕು ವರ್ಷದ ಮಗುವಿಗೆ ಈ ಉಪದೇಶದಿಂದ ಆಗುವ ಪ್ರಯೋಜನ ಕಡಿಮೆಯೆಂದೇ ನನ್ನ ಅಭಿಪ್ರಾಯ. ಆ ವಯಸ್ಸಿನಲ್ಲಿ ಮೊದಲು ಆಗಬೇಕಾದದ್ದು ನೀರಿನ ಪರಿಚಯ, ಅದೂ ಕೈಯ ಮೂಲಕ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದವರ ಕಲಿಕೆಗೆ ಆಟವೇ ತಳಹದಿ ಎನ್ನುತ್ತದೆ. ಆದರೂ ನೀರಿನ ಪಾಠವೆಂದರೆ ಚಾರ್ಟು ತೂಗುಹಾಕುವ ರೂಢಿ ಹೋಗಿಲ್ಲ.

ನಮ್ಮ ತರಗತಿಯಲ್ಲಿ ಬಳಸುವುದು ಅಗಲ ಬಾಯಿಯ ಒಂದು ಟಬ್ಬು, ಲೋಟ, ಸೌಟು, ಜರಡಿ, ತೆಂಗಿನ ಕರಟ, ಹಳೆಯ ಸ್ಪಂಜು ಇಷ್ಟೇ. ಒಂದು ಸಲಕ್ಕೆ ನಾಲ್ಕೈದು ಮಕ್ಕಳು ಮಾತ್ರ ಅದರ ಸುತ್ತ ಕೂರುತ್ತಾರೆ. ಮಾಂಟೆಸ್ಸರಿ ಪದ್ಧತಿಯಲ್ಲಿ ನೀರಿಗಿಂತ ಮೊದಲು ಕಾಳುಗಳನ್ನು ಸುರಿಯುವ ಅಭ್ಯಾಸ ಮಾಡಿಸುತ್ತಾರೆ. ನಾವೂ ಅಕ್ಕಿ, ಹೆಸರುಕಾಳುಗಳಿಂದಲೇ ಆರಂಭಿಸುತ್ತೇವೆ.

ಒಂದೇ ಅಳತೆಯ ಎರಡು ಗಾಜಿನ ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಒಂದರ ನೀರನ್ನು ಮಗುವಿನ ಕೈಯಿಂದಲೇ ಉದ್ದನೆಯ, ಸಪೂರವಾದ ಲೋಟಕ್ಕೆ ಹಾಕಿಸಿದರೆ, ‘ಇದರಲ್ಲಿ ಜಾಸ್ತಿ’ ಎಂದು ಮಗು ಉದ್ದ ಲೋಟವನ್ನೇ ತೋರಿಸುತ್ತದೆ. ಮರಳಿ ಸುರಿದಾಗ ‘ಸಮ ಆಯ್ತು’ ಎಂದು ಒಪ್ಪುತ್ತದೆ. ಮತ್ತೆ ಉದ್ದ ಲೋಟಕ್ಕೆ ಹಾಕಿದರೆ ಮತ್ತೆ ಜಾಸ್ತಿ. ಆಕಾರ ಬದಲಾದರೂ ಪ್ರಮಾಣ ಬದಲಾಗದೆಂಬ ಗ್ರಹಿಕೆ ಸಾಮಾನ್ಯವಾಗಿ ಆರು, ಏಳು ವರ್ಷದ ಹೊತ್ತಿಗೆ ಬರುತ್ತದೆಂದು ಮನಶ್ಶಾಸ್ತ್ರಜ್ಞ ಪಿಯಾಜೆ ಇಂಥ ಪ್ರಯೋಗಗಳಿಂದಲೇ ತೋರಿಸಿದ್ದರು. ಆದ್ದರಿಂದ ನಾವು ತಿದ್ದಲು ಹೋಗುವುದಿಲ್ಲ. ತಿದ್ದಿದರೆ ಮಗು ಟೀಚರಿಗೆ ಬೇಕಾದ ಉತ್ತರವನ್ನು ಬಾಯಿಪಾಠ ಮಾಡಿಕೊಳ್ಳುತ್ತದೆ, ಅಷ್ಟೆ.

ಮುಳುಗುವ, ತೇಲುವ ಆಟಕ್ಕೆ ಕಲ್ಲು, ಎಲೆ, ಬೆಂಡುಗಳನ್ನು ಎಲ್ಲರೂ ಬಳಸುತ್ತಾರೆ. ಅವುಗಳ ಜೊತೆಗೆ ಒಂದು ಕಿತ್ತಳೆ ಹಣ್ಣೂ ಇರಲಿ. ಸಿಪ್ಪೆ ಸಮೇತ ಹಾಕಿದರೆ ಅದು ತೇಲುತ್ತದೆ. ಸುಲಿದು ಹಾಕಿದರೆ ಸಾಮಾನ್ಯವಾಗಿ ತಳ ಸೇರುತ್ತದೆ. ಭಾರದ್ದು ಮುಳುಗುತ್ತದೆ ಎಂದು ಆಗಲೇ ತೀರ್ಮಾನಿಸಿಕೊಂಡ ಮಕ್ಕಳಿಗೆ, ಸುಲಿದು ಹಗುರವಾದ ಹಣ್ಣು ಮುಳುಗಿದ್ದು ದೊಡ್ಡ ಒಗಟು. ‘ಅಂಗಿ ಬಿಚ್ಚಿದ್ವಲ್ಲ, ಚಳಿಗೆ ಒಳಗೆ ಹೋಯ್ತು’ ಎಂದಿತು ಒಂದು ಮಗು. ಸಿಪ್ಪೆಯ ಒಳಗಿನ ಬಿಳಿ ಪದರದಲ್ಲಿ ಗಾಳಿ ತುಂಬಿರುತ್ತದೆಂಬ ವಿವರಣೆಯನ್ನು ಆ ಕ್ಷಣದಲ್ಲಿ ತುರುಕದೆ, ಸಿಪ್ಪೆಯ ಚೂರನ್ನೂ ತೊಳೆಯನ್ನೂ ಬೇರೆಬೇರೆಯಾಗಿ ಹಾಕಿ ನೋಡಲು ಹೇಳಿದರೆ, ಸಿಪ್ಪೆಯಲ್ಲೇ ಏನೋ ಇದೆ ಎಂಬುದನ್ನು ಅವರೇ ಹಿಡಿಯುತ್ತಾರೆ.

ಐಸ್ ಹಾಕಿದ ಸ್ಟೀಲ್ ಚೊಂಬಿನ ಹೊರಮೈಯಲ್ಲಿ ಹನಿ ಮೂಡಿದಾಗ ‘ಚೊಂಬು ತೂತಾಗಿದೆ’ ಎನ್ನುವವರೇ ಹೆಚ್ಚು. ಇದೂ ಕೆಟ್ಟ ಊಹೆಯಲ್ಲ, ಪರೀಕ್ಷಿಸಬಹುದಾದ ಊಹೆ. ಒಳಗಿನ ನೀರಿಗೆ ಚಿಟಿಕೆ ಅರಿಶಿನ ಕದಡಿ, ಹೊರಗಿನ ಹನಿಯನ್ನು ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಹಳದಿ ಹತ್ತುವುದಿಲ್ಲ. ಗಾಳಿಯಲ್ಲಿರುವ ನೀರಾವಿಯ ಮಾತು ಮುಂದೆ ಯಾವಾಗಲಾದರೂ ಬರಲಿ. ಅಂಗಳದ ಸಣ್ಣ ಮಡುವಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಆಗಾಗ ಹೋಗಿ ನೀರು ಕುಗ್ಗಿದ್ದನ್ನು ನೋಡುವುದು ಬಿಸಿಲಿನ ದಿನಕ್ಕೆ ಒಳ್ಳೆಯ ಕೆಲಸ.

ಒಂದು ಎಚ್ಚರಿಕೆ ಮಾತ್ರ ಕಡ್ಡಾಯ. ಕೆಲವೇ ಅಂಗುಲ ಆಳದ ನೀರಿನಲ್ಲೂ ಸಣ್ಣ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ. ಟಬ್ಬಿನ ಪಕ್ಕದಿಂದ ದೊಡ್ಡವರು ಕದಲಬಾರದು. ಆಟ ಮುಗಿದ ತಕ್ಷಣ ನೀರನ್ನು ಗಿಡಗಳಿಗೆ ಹಾಕಿ ಟಬ್ಬನ್ನು ಬೋರಲು ಹಾಕಬೇಕು. ಸಹಾಯಕಿ ರಜೆಯಲ್ಲಿರುವ ದಿನ ನಮ್ಮಲ್ಲಿ ನೀರಾಟವಿಲ್ಲ. ಅಂದು ಮಕ್ಕಳು ಎಷ್ಟೇ ಗೋಗರೆದರೂ ಹೆಸರುಕಾಳನ್ನೇ ಸುರಿಯಬೇಕು.