ಅನಾನಸ್ ಗೊಜ್ಜನ್ನ ಕಲಸಿದ ಭಾನುವಾರ

ಮಧ್ಯಾಹ್ನ ಒಂದು ಗಂಟೆಗೆ 25 ಎಲೆ. ಕೋಸಂಬರಿ, ಸಾರು, ಹೋಳಿಗೆ ಬೇರೆಯವರ ಪಾಲಿಗೆ ಹೋಗಿ ಅನಾನಸ್ ಗೊಜ್ಜನ್ನ ನಮ್ಮ ಪಾಲಿಗೆ ಬಂದಿತ್ತು. 2 ಕೆಜಿ ಹಳೆ ಸೋನಾ ಮಸೂರಿ, ಮೂರು ಹಣ್ಣು, ಹಿಂದಿನ ರಾತ್ರಿಯೇ ಅಳೆದಿಟ್ಟ ಪುಡಿಯ ಸಾಮಾನು. ಬೆಳಗ್ಗೆ ಏಳಕ್ಕೆ ಒಲೆ ಹಚ್ಚಿದೆವು. ಗೊಜ್ಜು ಆರಲು ಒಂದೂವರೆ ಗಂಟೆ, ಕಲಸಿದ ಅನ್ನ ಕೂರಲು ಮುಕ್ಕಾಲು ಗಂಟೆ ಬೇಕೇ ಬೇಕು, ಅದಕ್ಕೇ ಅಷ್ಟು ಬೇಗ.

ಈ ಅಡುಗೆಯಲ್ಲಿ ಅಳತೆ ಕೊಡಲಾಗದ ಸಾಮಾನು ಹಣ್ಣೊಂದೇ. ಬನವಾಸಿ ಕಡೆಯಿಂದ ಬರುವ ದೊಡ್ಡ ಕ್ಯೂ ತಳಿಯ ಹಣ್ಣು ರಸ ಜಾಸ್ತಿ, ಹುಳಿ ಮುಂದು. ಕ್ವೀನ್ ಚಿಕ್ಕದು, ಗಟ್ಟಿ, ಪರಿಮಳ ಹೆಚ್ಚು. ಗೊಜ್ಜಿಗೆ ಕ್ಯೂ ಒಳ್ಳೆಯದು. ಆದರೆ ಒಂದು ಹಣ್ಣಿನಂತೆ ಇನ್ನೊಂದು ಇರುವುದಿಲ್ಲ, ಒಂದೇ ಹಣ್ಣಿನಲ್ಲೂ ಬುಡ ಸಿಹಿ, ಜುಟ್ಟಿನ ಕಡೆ ಹುಳಿ. ಹಾಗಾಗಿ ರುಚಿ ನೋಡುವಾಗ ನಡುವಿನ ಬಿಲ್ಲೆಯನ್ನೇ ತಿನ್ನಬೇಕು. ಕೊಯ್ದ ಮೇಲೆ ಅನಾನಸ್ ಬಣ್ಣ ತಿರುಗುತ್ತದೆ, ಮೆತ್ತಗಾಗುತ್ತದೆ, ಸಿಹಿ ಮಾತ್ರ ಏರುವುದಿಲ್ಲ. ಹುಳಿ ಹಣ್ಣನ್ನು ನಾಲ್ಕು ದಿನ ಇಟ್ಟು ಕಾದು ಪ್ರಯೋಜನವಿಲ್ಲ, ಬೆಲ್ಲ ಹೆಚ್ಚಿಸಬೇಕು ಅಷ್ಟೇ.

ಮೂರು ಹಣ್ಣು ಸಿಪ್ಪೆ, ಕಣ್ಣು ತೆಗೆದ ಮೇಲೆ 2 ಕೆಜಿಗೆ ತುಸು ಮೇಲೆ ಬಂತು. ಅರ್ಧವನ್ನು ಕಡಲೆಬೀಜದ ಗಾತ್ರಕ್ಕೆ ಹೆಚ್ಚಿದೆವು. ಉಳಿದರ್ಧ, ನಡುವಿನ ಗಟ್ಟಿ ದಿಂಡಿನ ಸಮೇತ, ಮಿಕ್ಸಿಯಲ್ಲಿ ತರಿತರಿಯಾಗಿ ರುಬ್ಬಿಕೊಂಡೆವು. ದಿಂಡನ್ನು ಎಸೆಯುವವರೇ ಹೆಚ್ಚು. ರುಬ್ಬಿ ಹಾಕಿದರೆ ಗೊಜ್ಜಿಗೆ ಮೈ ಬರುತ್ತದೆ. ಹೋಳು ದೊಡ್ಡದಾದರೆ ಅನ್ನದಲ್ಲಿ ಸೇರದೆ ಎಲೆಯ ಬದಿಗೆ ಹೋಗಿ ಕೂರುತ್ತದೆ.

ಪುಡಿಗೆ: ಕಡಲೆಬೇಳೆ 100 ಗ್ರಾಂ, ಉದ್ದಿನಬೇಳೆ 80, ಧನಿಯಾ 60, ಮೆಂತ್ಯ 8, ಬ್ಯಾಡಗಿ ಮೆಣಸಿನಕಾಯಿ 60, ಗುಂಟೂರು 20, ಎಳ್ಳು 120, ಒಣಕೊಬ್ಬರಿ 150. ಎಲ್ಲವನ್ನೂ ಬೇರೆಬೇರೆಯಾಗಿಯೇ ಹುರಿಯಬೇಕು. ಒಟ್ಟಿಗೆ ಸುರಿದರೆ ಬೇಳೆ ಕೆಂಪಾಗುವಷ್ಟರಲ್ಲಿ ಮೆಂತ್ಯ ಕಪ್ಪಾಗಿರುತ್ತದೆ, ಆ ಕಹಿಯನ್ನು ಯಾವ ಬೆಲ್ಲವೂ ಮುಚ್ಚಲಾರದು. ಮೆಂತ್ಯ ಇಟ್ಟಿಗೆ ಬಣ್ಣಕ್ಕೆ ಬಂದೊಡನೆ ಬಾಣಲೆಯಿಂದ ಆಚೆ ಹಾಕಬೇಕು, ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದ್ದರೂ ಸುಡುತ್ತದೆ. ಎಳ್ಳು ಚಟಪಟ ಅಂದರೆ ಸಾಕು. ಪುಡಿ ಮಾಡುವಾಗ ಬೇಳೆ, ಮೆಣಸಿನಕಾಯಿ ಮೊದಲು. ಎಳ್ಳು, ಕೊಬ್ಬರಿ ಕೊನೆಗೆ, ಅದೂ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ಮೂರು ಸುತ್ತು. ಜಾಸ್ತಿ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ, ಗೊಜ್ಜಿನಲ್ಲಿ ಗಂಟು ಕಟ್ಟುತ್ತದೆ. ಬಣ್ಣ ಬ್ಯಾಡಗಿಯದು, ಖಾರ ಗುಂಟೂರಿನದು. ಬರೀ ಗುಂಟೂರು ಹಾಕಿದರೆ ಹಣ್ಣಿನ ಪರಿಮಳವೇ ನಾಲಿಗೆಗೆ ಹತ್ತುವುದಿಲ್ಲ.

ಹಾಗಲಕಾಯಿಗೂ ಬೆಂಡೆಕಾಯಿಗೂ ಗೊಜ್ಜಿನ ಲೆಕ್ಕ ಹೆಚ್ಚುಕಡಿಮೆ ಇದೇ. ಪೋರ್ಚುಗೀಸರು ತಂದ ಅಮೆರಿಕದ ಹಣ್ಣು ಆ ಲೆಕ್ಕದೊಳಗೆ ಬಂದು ಸೇರಿಕೊಂಡಿತು. ಒಗ್ಗರಣೆಯ ಕಡಲೆಬೀಜ, ಪುಡಿಯ ಮೆಣಸಿನಕಾಯಿ ಕೂಡ ಅದೇ ಖಂಡದ ಮೂಲದವು. ಆದರೂ ಎಲೆಯ ಮೇಲೆ ಬಿದ್ದಾಗ ಇದರಷ್ಟು ಹಳೆ ಮೈಸೂರಿನದೇ ಅನ್ನಿಸುವ ಅಡುಗೆ ಇನ್ನೊಂದಿಲ್ಲ.

ಪಾತ್ರೆ ದಪ್ಪ ತಳದ ಸ್ಟೀಲಿನದು. ಹುಳಿ ಅಡುಗೆಗೆ ಕಬ್ಬಿಣದ ಬಾಣಲೆ ಬೇಡ, ಗೊಜ್ಜು ಕಪ್ಪಾಗಿ ಲೋಹದ ರುಚಿ ಬರುತ್ತದೆ. ಹಿತ್ತಾಳೆಯಾದರೆ ಕಲಾಯಿ ಹೊಸದಾಗಿರಬೇಕು.

ಮೊದಲು ಹೆಚ್ಚಿದ ಹೋಳು, ಅರ್ಧ ಲೀಟರ್ ನೀರು, ಒಂದು ಚಮಚ ಅರಿಸಿನ, ಸ್ವಲ್ಪ ಉಪ್ಪು. ಮುಚ್ಚಿ 12 ನಿಮಿಷ ಬೇಯಿಸಿದೆವು. ಇಲ್ಲಿ ಆತುರ ಬಿದ್ದು ಬೆಲ್ಲವನ್ನೂ ಒಟ್ಟಿಗೆ ಹಾಕುವವರಿದ್ದಾರೆ. ಬೆಲ್ಲ ಮೊದಲೇ ಬಿದ್ದರೆ ಹೋಳು ಬಿಗಿದುಕೊಳ್ಳುತ್ತದೆ, ಮುರಬ್ಬದಂತೆ ನಾರುನಾರಾಗಿ ಉಳಿಯುತ್ತದೆ. ಹೋಳು ಸೌಟಿನ ಬೆನ್ನಿಗೆ ಮೆತ್ತಗೆ ಒತ್ತಿಕೊಂಡ ಮೇಲೆ ರುಬ್ಬಿದ ಹಣ್ಣು, ಕಿವುಚಿದ 100 ಗ್ರಾಂ ಹುಣಸೆಯ ರಸ, ಅದು ಐದು ನಿಮಿಷ ಕುದಿದ ನಂತರ 250 ಗ್ರಾಂ ಬೆಲ್ಲ, ಉಪ್ಪು. ಪುಡಿ ಎಲ್ಲಕ್ಕಿಂತ ಕೊನೆಗೆ. ಪುಡಿ ಬಿದ್ದ ಮೇಲೆ ತಳ ಹಿಡಿಯಲು ಎರಡು ನಿಮಿಷ ಸಾಕು. ಸೌಟು ಕೈಬಿಡುವ ಹಾಗಿಲ್ಲ.

ಅಂದು ತೊಂದರೆ ಕೊಟ್ಟದ್ದು ನೀರು. ಮಳೆ ಹಿಡಿದ ಮೇಲೆ ಕೊಯ್ದ ಹಣ್ಣು, ರಸ ತುಂಬಿತ್ತು. ಪುಡಿ ಹಾಕಿದರೂ ಗೊಜ್ಜು ಸಾರಿನಂತೆ ಹರಿಯುತ್ತಿತ್ತು. ಆಗ ಕಡಲೆಹಿಟ್ಟು ಕಲಸಿ ಹಾಕುವ, ಇನ್ನಷ್ಟು ಪುಡಿ ಸುರಿಯುವ ಮನಸ್ಸಾಗುತ್ತದೆ. ಎರಡೂ ತಪ್ಪು, ಹಿಟ್ಟಿನ ರುಚಿ ಮೇಲೆ ಬರುತ್ತದೆ, ಅನ್ನ ಆರಿದಾಗ ಗಟ್ಟಿ ಮುದ್ದೆಯಾಗುತ್ತದೆ. ಸಣ್ಣ ಉರಿಯಲ್ಲಿ 20 ನಿಮಿಷ ಹೆಚ್ಚಿಗೆ ಕುದಿಸಿದೆವು. ಸೌಟು ಎಳೆದರೆ ತಳದಲ್ಲಿ ದಾರಿ ಬಿದ್ದು, ಅದು ಮೂರು ಎಣಿಸುವವರೆಗೆ ಮುಚ್ಚದೆ ನಿಂತರೆ ಹದ. ಅಂಚಿನಲ್ಲಿ ಎಳ್ಳು, ಕೊಬ್ಬರಿಯ ಎಣ್ಣೆ ಹೊಳೆಯುತ್ತದೆ.

ಅನ್ನವನ್ನು ಕುಕ್ಕರಿನಲ್ಲಿ ಇಡಲಿಲ್ಲ. ಇಷ್ಟು ಅಕ್ಕಿ ಒಂದೇ ಪಾತ್ರೆಯಲ್ಲಿ ಕೂಗಿದರೆ ತಳದ್ದು ಹಿಸುಕಿರುತ್ತದೆ, ಮೇಲಿನದು ಬಿರುಸಾಗಿರುತ್ತದೆ. 10 ಲೀಟರ್ ಕುದಿವ ನೀರಿಗೆ 20 ನಿಮಿಷ ನೆನೆದ ಅಕ್ಕಿ ಹಾಕಿ, ಅಗಳನ್ನು ಬೆರಳಲ್ಲಿ ಹಿಸುಕಿದಾಗ ನಡುವೆ ಕೂದಲೆಳೆಯಷ್ಟು ಬಿಳಿ ಉಳಿದಿರುವಾಗಲೇ ಗಂಜಿ ಬಸಿದೆವು. ಮುಚ್ಚಿಟ್ಟ ಹತ್ತು ನಿಮಿಷದಲ್ಲಿ ತನ್ನ ಹಬೆಯಲ್ಲೇ ಪೂರ್ತಿ ಬೆಂದಿತು. ಆಮೇಲೆ ಅಗಲವಾದ ಪರಾತಕ್ಕೆ ಹರವಿ, ಎರಡು ಸೌಟು ಎಳ್ಳೆಣ್ಣೆ ಚಿಮುಕಿಸಿ ಆರಲು ಬಿಟ್ಟೆವು.

ಅಕ್ಕಿಯ ಜೊತೆಗೇ ಹಣ್ಣನ್ನೂ ಹಾಕಿ ಪುಲಾವಿನಂತೆ ಒಂದೇ ಪಾತ್ರೆಯಲ್ಲಿ ಮುಗಿಸಬಹುದಲ್ಲ ಎಂದು ಕೇಳುವವರುಂಟು. ಸಿಹಿ ನೀರಿನಲ್ಲಿ ಅಕ್ಕಿ ಬೇಯಲು ಮೊಂಡು ಹಿಡಿಯುತ್ತದೆ. ಸಿಹಿ ಪೊಂಗಲಿಗೆ ಅಕ್ಕಿ ಪೂರ್ತಿ ಬೆಂದ ಮೇಲೆ ಬೆಲ್ಲ ಹಾಕುವುದು ಇದಕ್ಕೇ. ಜೊತೆಗೆ ರಸದ ಸಕ್ಕರೆ ತಳದಲ್ಲಿ ಸೀಯುತ್ತದೆ.

ಹನ್ನೊಂದಕ್ಕೆ ರುಚಿ ನೋಡಿದೆವು. ಬೆರಳಿಗೆ ಹಚ್ಚಿ ನೆಕ್ಕಿದಾಗ ಗೊಜ್ಜು ಸರಿಯಾಗಿಯೇ ಇತ್ತು. ಹಿಡಿ ಅನ್ನಕ್ಕೆ ಕಲಸಿ ತಿಂದರೆ ಸಪ್ಪೆ. ಬರೀ ಗೊಜ್ಜು ನಾಲಿಗೆಗೆ ಹಿತವಾಗಿದೆ ಎಂದರೆ ಅನ್ನಕ್ಕೆ ಅದು ಕಡಿಮೆ ಎಂದೇ ಅರ್ಥ. ಅನ್ನ ಉಪ್ಪು, ಹುಳಿ, ಖಾರ ಮೂರನ್ನೂ ಹೀರಿ ತಗ್ಗಿಸುತ್ತದೆ. ಆದ್ದರಿಂದ ತೀರ್ಪು ಯಾವಾಗಲೂ ಹಿಡಿ ಅನ್ನದ ಮೇಲೆ, ಅದೂ ಕಲಸಿ ಐದು ನಿಮಿಷ ಬಿಟ್ಟು. ಸಪ್ಪೆ ಅನ್ನಿಸಿದೊಡನೆ ಬೆಲ್ಲಕ್ಕೆ ಕೈ ಹಾಕಬಾರದು, ಮೊದಲು ಉಪ್ಪು. ಉಪ್ಪು ಸರಿಯಾದರೆ ಹಣ್ಣಿನ ಸಿಹಿ ತಾನೇ ಎದ್ದು ಬರುತ್ತದೆ. ಅಂದು 15 ಗ್ರಾಂ ಉಪ್ಪು ಸೇರಿಸಿದ ಮೇಲೂ ಹುಳಿ ತುಸು ಮುಂದಿತ್ತು, ಆಗ 50 ಗ್ರಾಂ ಬೆಲ್ಲ. ಒಟ್ಟು ಉಪ್ಪು 90 ಗ್ರಾಂ ಆಯಿತು.

ಒಗ್ಗರಣೆಗೆ ಕಾಲು ಲೀಟರ್ ಎಳ್ಳೆಣ್ಣೆ. ಅದರಲ್ಲೇ ಮೊದಲು 250 ಗ್ರಾಂ ಕಡಲೆಬೀಜ ಹುರಿದು ಬೇರೆ ತೆಗೆದಿಟ್ಟು, ನಂತರ ಸಾಸಿವೆ, ಕಡಲೆಬೇಳೆ, ಮುರಿದ ಮೆಣಸಿನಕಾಯಿ, ಇಂಗು, ಮೂರು ಹಿಡಿ ಕರಿಬೇವು. ಕಡಲೆಬೀಜವನ್ನು ಬಡಿಸುವ ಹತ್ತು ನಿಮಿಷದ ಮುಂಚೆ ಬೆರೆಸಬೇಕು, ಬೇಗ ಬಿದ್ದರೆ ಮೆತ್ತಗಾಗುತ್ತದೆ.

ಕಲಸುವಾಗ ಅನ್ನ ಉಗುರುಬೆಚ್ಚಗಿರಬೇಕು, ಗೊಜ್ಜು ಪೂರ್ತಿ ಆರಿರಬೇಕು. ಬಿಸಿ ಅನ್ನಕ್ಕೆ ಹಾಕಿದರೆ ಅಗಳು ಒಡೆಯುತ್ತದೆ, ತಣ್ಣಗಾದ ಅನ್ನಕ್ಕೆ ಗೊಜ್ಜು ಇಳಿಯುವುದಿಲ್ಲ. ಮುಕ್ಕಾಲು ಪಾಲು ಗೊಜ್ಜು ಹಾಕಿ, ಅಂಗೈಯನ್ನು ತಳದಿಂದ ಮೇಲಕ್ಕೆ ತಂದು ತಿರುವಿ ಹಾಕುತ್ತಾ ಕಲಸಿದೆವು, ಹಿಸುಕದಂತೆ. ಮುಚ್ಚಿ ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಬಿಳಿ ಅಗಳು ಅಲ್ಲಲ್ಲಿ ಕಾಣುತ್ತಿತ್ತು; ಉಳಿದ ಗೊಜ್ಜಿನಲ್ಲಿ ಎರಡು ಸೌಟು ಮತ್ತೆ ಸೇರಿತು.

ಜೊತೆಗೆ ಮೊಸರುಬಜ್ಜಿ ಇತ್ತು. ಅದಕ್ಕೆ ಹಸಿ ಅನಾನಸ್ ಚೂರು ಬೆರೆಸೋಣವೆಂದು ಯಾರೋ ಅಂದರು, ಬೇಡವೆಂದೆವು. ಹಸಿ ಹಣ್ಣಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಮೊಸರಿನ ಪ್ರೋಟೀನನ್ನು ಒಡೆದು ಸ್ವಲ್ಪ ಹೊತ್ತಿನಲ್ಲೇ ಕಹಿ ಮಾಡುತ್ತದೆ. ಬೇಯಿಸಿದರೆ ಕಿಣ್ವ ಸಾಯುತ್ತದೆ, ಆದ್ದರಿಂದ ಗೊಜ್ಜನ್ನಕ್ಕೆ ಮೊಸರು ಹಾಕಿಕೊಂಡರೂ ತೊಂದರೆಯಿಲ್ಲ.

ಬಾಣಲೆಯಲ್ಲಿ ಉಳಿದ ಒಂದು ಡಬ್ಬಿ ಗೊಜ್ಜನ್ನು ಫ್ರಿಜ್ಜಿಗೆ ಸೇರಿಸಿದೆವು. ಒದ್ದೆ ಚಮಚ ಮುಟ್ಟದಿದ್ದರೆ ವಾರ ಇರುತ್ತದೆ. ಎರಡನೆಯ ದಿನ ಇನ್ನಷ್ಟು ರುಚಿ, ಮರುದಿನ ಬೆಳಗ್ಗೆ ದೋಸೆಗೆ ಅದನ್ನೇ ಹಚ್ಚಿಕೊಂಡೆವು.