ಬರೋಲೋ ವೈನ್‌ನ ನಾಡಿಗೆ ಹೊರಟಿದ್ದೀರಾ?

ಟೊರಿನೋ, ಮಿಲಾನ್ ನೋಡಲು ಹೋದವರಲ್ಲಿ ಅನೇಕರು ಬರೋಲೋವನ್ನು ಒಂದೇ ದಿನದ ಟೂರ್‌ನಲ್ಲಿ ಮುಗಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಕನಿಷ್ಠ ಎರಡು ರಾತ್ರಿ ಇಟ್ಟುಕೊಳ್ಳಿ. ಕಣಿವೆಯ ಎರಡೂ ಬದಿಯ ಗುಡ್ಡಗಳನ್ನು ಸುತ್ತಿ, ಎರಡೂ ಕಡೆಯದನ್ನು ಸವಿದು ನೋಡಿದರೇ ಈ ವೈನ್ ಅರ್ಥವಾಗುವುದು.

ಜಾಗ ಇಟಲಿಯ ವಾಯವ್ಯದ ಪೀಡ್‌ಮಾಂಟ್ ಪ್ರಾಂತ್ಯದಲ್ಲಿದೆ. ಇಲ್ಲಿನ ಲಾಂಗೆ ಗುಡ್ಡಗಳ ದ್ರಾಕ್ಷಿತೋಟಗಳು 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ಟೊರಿನೋದಿಂದ ಬ್ರಾ ಮಾರ್ಗವಾಗಿ ಆಲ್ಬಾ ಪಟ್ಟಣಕ್ಕೆ ರೈಲಿದೆ, ಒಂದು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ. ಆಲ್ಬಾದಲ್ಲೇ ಉಳಿದುಕೊಳ್ಳಿ. ಅಲ್ಲಿಂದ ಹಳ್ಳಿಗಳಿಗೆ ಬಸ್ಸು ಕಡಿಮೆ, ಭಾನುವಾರವಂತೂ ನಂಬಬೇಡಿ. ಕಾರು ಬಾಡಿಗೆಗೆ ಪಡೆಯುವುದಾದರೆ ನಮ್ಮ ಲೈಸೆನ್ಸಿನ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಕುಡಿದು ಓಡಿಸುವುದರ ಬಗ್ಗೆ ಅಲ್ಲಿನ ಕಾನೂನು ಕಟ್ಟುನಿಟ್ಟು. ಹಾಗಾಗಿ ವೈನರಿಗಳಿಗೆ ಹೋಗುವ ದಿನ ಟ್ಯಾಕ್ಸಿಯೇ ಸರಿ.

ಬರೋಲೋ ಒಂದು ಊರಿನ ಹೆಸರೂ ಹೌದು. ಆದರೆ ಒಟ್ಟು 11 ಊರುಗಳ ವ್ಯಾಪ್ತಿಯಲ್ಲಿ, ಬರೀ ನೆಬ್ಬಿಯೋಲೋ ದ್ರಾಕ್ಷಿಯಿಂದ ಮಾಡಿದ್ದಕ್ಕೆ ಮಾತ್ರ ಈ ಹೆಸರು ಹಾಕಬಹುದು. ಮಾರಾಟಕ್ಕೆ ಬರುವ ಮುಂಚೆ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಲೋಟ ಓರೆ ಮಾಡಿ ಹಿಡಿದರೆ ಬಣ್ಣ ತೆಳು, ಅಂಚು ಇಟ್ಟಿಗೆಯ ಕೆಂಪು, ಆಚೆ ಬದಿಯ ಬೆರಳು ಕಾಣುತ್ತದೆ. ಇದರಲ್ಲೇನು ಗಟ್ಟಿತನ ಅಂದುಕೊಳ್ಳುವಷ್ಟರಲ್ಲಿ ಹಸಿ ಅಡಿಕೆ ಜಗಿದಂಥ ಒಗರು ಒಸಡನ್ನು ಹಿಡಿದುಕೊಳ್ಳುತ್ತದೆ. ಅದರ ಬೆನ್ನಿಗೇ ಗುಲಾಬಿಯ ಪರಿಮಳ, ಒಣಹಣ್ಣಿನ ವಾಸನೆ. ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ, ಲೋಟದಲ್ಲಿ ಅರ್ಧ ಗಂಟೆ ಬಿಟ್ಟು ನೋಡಿ.

ಆಲ್ಬಾದಿಂದ ಬರೋಲೋಗೆ ಹೋಗುವ ಕಣಿವೆಯ ರಸ್ತೆಯೇ ಹೆಚ್ಚುಕಡಿಮೆ ಎರಡು ಬಗೆಯ ಮಣ್ಣಿನ ನಡುವಿನ ಗಡಿ. ಪಶ್ಚಿಮಕ್ಕೆ ಲಾ ಮೊರ್ರಾ ಮತ್ತು ಬರೋಲೋ ಊರುಗಳು: ನೀಲಿ ಛಾಯೆಯ ಬೂದು ಸುಣ್ಣಜೇಡಿ ಮಣ್ಣು, ವೈನ್ ಪರಿಮಳದ್ದು, ಬೇಗ ಹದಕ್ಕೆ ಬರುತ್ತದೆ. ಪೂರ್ವಕ್ಕೆ ಸೆರ್ರಾಲುಂಗಾ, ಮೊನ್ಫೋರ್ತೆ: ಇನ್ನೂ ಹಳೆಯ, ಬಿಗಿಯಾದ ಮಣ್ಣು. ಅಲ್ಲಿನ ವೈನ್‌ನಲ್ಲಿ ಒಗರು ಜಾಸ್ತಿ, ಹದಕ್ಕೆ ಬರಲು ವರ್ಷಗಟ್ಟಲೆ ಕಾಯಬೇಕು. ನನಗೆ ಹಿಡಿಸಿದ್ದು ಸೆರ್ರಾಲುಂಗಾ. ಆದರೆ ಲಾ ಮೊರ್ರಾ ನೋಡದೆ ಅಲ್ಲಿಗೆ ಹೋದರೆ ವ್ಯತ್ಯಾಸ ತಿಳಿಯುವುದಿಲ್ಲ.

ಲಾ ಮೊರ್ರಾದ ಚೌಕದಿಂದ ಇಡೀ ಗುಡ್ಡಸಾಲು ಕಾಣುತ್ತದೆ, ಬೆಳಗ್ಗೆಯೇ ಹೋಗಿ. ಅಲ್ಲಿಂದ ತೋಟಗಳ ನಡುವೆ ಬರೋಲೋಗೆ ಇಳಿಯುವ ಕಾಲುದಾರಿಗಳಿವೆ. ಹತ್ತಿರದ ಬ್ರುನಾತೆ ತೋಟದಲ್ಲಿ, 1999ರಲ್ಲಿ ಕಲಾವಿದರಾದ ಸೋಲ್ ಲೆವಿಟ್ ಹೊರಗೋಡೆಗೆ, ಡೇವಿಡ್ ಟ್ರೆಮ್ಲೆಟ್ ಒಳಗೆ ಬಣ್ಣ ತುಂಬಿದ ಪುಟ್ಟ ಚಾಪೆಲ್ ಇದೆ. ಸುತ್ತಲಿನ ಹಸಿರಿನ ನಡುವೆ ಆ ಕೆಂಪು, ಹಳದಿ, ನೀಲಿ ಪಟ್ಟೆಗಳನ್ನು ನೋಡಲೇಬೇಕು. ಮಳೆ ಬಂದ ಮಾರನೆಯ ದಿನ ಮಾತ್ರ ಈ ದಾರಿ ಬೇಡ, ಜೇಡಿ ಬೂಟಿಗೆ ಮೆತ್ತಿಕೊಂಡು ಕಾಲೆತ್ತಲು ಬಿಡುವುದಿಲ್ಲ. ಬರೋಲೋ ಕೋಟೆಯೊಳಗೆ ವೈನ್ ಮ್ಯೂಸಿಯಂ ಇದೆ. ಅದೇ ಕಟ್ಟಡದ ಎನೋತೆಕಾದಲ್ಲಿ, ಅಂದರೆ ವೈನ್ ಅಂಗಡಿಯಲ್ಲಿ, ಬೇರೆ ಬೇರೆ ಉತ್ಪಾದಕರ ಬರೋಲೋಗಳನ್ನು ಸ್ವಲ್ಪ ಸ್ವಲ್ಪ ಕೊಂಡು ಸವಿಯಬಹುದು. ಸಣ್ಣ ವೈನರಿಗಳಿಗೆ ಮಾತ್ರ ಮೊದಲೇ ಇಮೇಲ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ.

ನೆಬ್ಬಿಯೋಲೋ ಕೊಯ್ಲು ಸಾಮಾನ್ಯವಾಗಿ ಅಕ್ಟೋಬರಿನಲ್ಲಿ. ಆಲ್ಬಾದ ಬಿಳಿ ಟ್ರಫಲ್ (ನೆಲದಡಿ ಬೆಳೆಯುವ ದುಬಾರಿ ಅಣಬೆ) ಮೇಳವೂ ಆಗಲೇ, ಕೋಣೆ ಬಾಡಿಗೆ ಗಗನಕ್ಕೇರಿರುತ್ತದೆ. ಜನಜಂಗುಳಿ ಬೇಡದವರು ಮೇ ತಿಂಗಳಲ್ಲಿ ಹೋಗಲಿ. ಊಟದ ತಟ್ಟೆಯ ಮೇಲೆ ಟ್ರಫಲ್ ತುರಿಯುವ ಮುಂಚೆ ಗ್ರಾಮಿಗೆ ಎಷ್ಟು ಎಂದು ಕೇಳಿಬಿಡಿ, ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಸಸ್ಯಾಹಾರಿಗಳು ಇನ್ನೂ ಎಚ್ಚರವಾಗಿರಬೇಕು: ಹೂರಣ ತುಂಬಿದ ಪಾಸ್ತಾ ಆಞೊಲೊತ್ತಿ ದೆಲ್ ಪ್ಲಿನ್‌ನೊಳಗೆ ಸಾಮಾನ್ಯವಾಗಿ ಮಾಂಸ, ತರಕಾರಿ ಅದ್ದಿ ತಿನ್ನುವ ಬಾಞ್ಞಾ ಕಾವ್ದಾದಲ್ಲಿ ಆಂಚೊವಿ ಮೀನು, ಅನ್ನದ ತಿನಿಸು ರಿಸೊತ್ತೋದಲ್ಲೂ ಮಾಂಸದ ಸಾರು ಇರಬಹುದು. ಮೊಟ್ಟೆ ತಿನ್ನುವವರಾದರೆ ಬೆಣ್ಣೆ, ಸೇಜ್ ಎಲೆ ಹಾಕಿದ ತಾಯರಿನ್ ಶಾವಿಗೆ ತರಿಸಿಕೊಳ್ಳಿ, ಹೊಟ್ಟೆ ತುಂಬುತ್ತದೆ. ಮಧ್ಯಾಹ್ನ ಎರಡರ ನಂತರ ಅಡುಗೆಮನೆ ಮುಚ್ಚುವುದೇ ಹೆಚ್ಚು.

ಭಾರತಕ್ಕೆ ತಲಾ 2 ಲೀಟರ್ ಮದ್ಯ ಸುಂಕವಿಲ್ಲದೆ ತರಬಹುದು. ಎರಡು ಬಾಟಲಿಗೆ 1.5 ಲೀಟರ್ ಆಗುತ್ತದೆ. ಒಂದು ಲಾ ಮೊರ್ರಾದ್ದು, ಒಂದು ಸೆರ್ರಾಲುಂಗಾದ್ದು, ಒಂದೇ ವರ್ಷದ ಕೊಯ್ಲಿನವು ಆರಿಸಿ, ಬಟ್ಟೆಯಲ್ಲಿ ಚೆನ್ನಾಗಿ ಸುತ್ತಿ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ.