ಅಗೆಯದೇನೇ ನೆಲದೊಳಗೆ ಏನಿದೆ ಅಂತ ಹೇಗೆ ಹೇಳ್ತೀರಿ?

ನನ್ನ ಕೆಲಸ ಏನು ಅಂತ ಗೊತ್ತಾದ ಕೂಡಲೇ, ಮದುವೆ ಮನೆಯಲ್ಲೂ ಯಾರಾದರೂ ಈ ಪ್ರಶ್ನೆ ಕೇಳುತ್ತಾರೆ. ಜೊತೆಗೆ ಒಂದು ಕೀಟಲೆ: "ಹಲಸಿನಹಣ್ಣು ಬಡಿದು ನೋಡಿದ ಹಾಗಾ?"

ಹೆಚ್ಚುಕಡಿಮೆ ಹಾಗೇ. ಆದರೆ ಹಲಸು ಬಡಿದಾಗ ಸದ್ದು ಹೇಗಿದೆ ಅಂತ ಕೇಳುತ್ತೇವೆ. ನೆಲ ಬಡಿದಾಗ ಆ ಸದ್ದು ಎಷ್ಟು ಹೊತ್ತಿಗೆ ಬಂತು ಅಂತ ನೋಡುತ್ತೇವೆ.

ನೆಲದ ಮೇಲೊಂದು ಕಬ್ಬಿಣದ ಹಲಗೆ ಇಟ್ಟು, ಕಲ್ಲು ಒಡೆಯುವ ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತೇವೆ. ಅಲ್ಲಿಂದ ಸಾಲಾಗಿ ಜಿಯೋಫೋನ್‌ಗಳನ್ನು ಚುಚ್ಚಿರುತ್ತೇವೆ, ಸಾಮಾನ್ಯವಾಗಿ 24. ನೆಲದ ನಡುಕವನ್ನು ಕರೆಂಟಾಗಿ ಬದಲಿಸುವ ಪುಟ್ಟ ಡಬ್ಬಿಗಳು ಅವು. ಸಡಿಲ ಮಣ್ಣಿನಲ್ಲಿ ಏಟಿನಿಂದೆದ್ದ ಈ ನಡುಕದ ಅಲೆ ಸೆಕೆಂಡಿಗೆ ಕೆಲವೇ ನೂರು ಮೀಟರ್ ಹೋಗುತ್ತದೆ. ಗಟ್ಟಿ ಗ್ರಾನೈಟಿನಲ್ಲಿ 5 ಕಿಲೋಮೀಟರಿಗೂ ಜಾಸ್ತಿ. ಹತ್ತಿರದ ಜಿಯೋಫೋನಿಗೆ ಮಣ್ಣಿನಲ್ಲೇ ನೇರ ಬಂದ ಅಲೆ ಮೊದಲು ಮುಟ್ಟುತ್ತದೆ. ದೂರದ್ದಕ್ಕೆ ಹಾಗಲ್ಲ. ಕೆಳಗಿಳಿದು, ಬಂಡೆಯ ಮೇಲೆ ಓಡಿ, ಮತ್ತೆ ಮೇಲೆದ್ದು ಬಂದ ಅಲೆಯೇ ಮೊದಲು. ಸುತ್ತು ಜಾಸ್ತಿಯಾದರೂ ಬೈಪಾಸ್ ಹಿಡಿದ ಬಸ್ಸು ಮುಂಚೆ ಬರುತ್ತದೆ ಅಲ್ವಾ, ಹಾಗೆ. ಎಷ್ಟು ದೂರದಲ್ಲಿ ಬೈಪಾಸ್ ಗೆಲ್ಲಲು ಶುರುವಾಯಿತು ಅನ್ನುವುದರಿಂದ ಬಂಡೆಯ ಆಳ ಲೆಕ್ಕಕ್ಕೆ ಸಿಗುತ್ತದೆ. ದೂರ ಹೆಚ್ಚಾದಷ್ಟೂ ಬಂಡೆ ಆಳದಲ್ಲಿದೆ.

ಪಕ್ಕದ ರಸ್ತೆಯಲ್ಲಿ ಲಾರಿ ಹೋದರೆ ಎಲ್ಲಾ ಹಾಳು. ಅದಕ್ಕೇ ಒಂದೇ ಜಾಗದಲ್ಲಿ ಹತ್ತಾರು ಸಲ ಹೊಡೆದು ದಾಖಲೆಗಳನ್ನು ಕೂಡಿಸುತ್ತೇವೆ. ಲಾರಿಯ ಗದ್ದಲ ಪ್ರತಿಸಲ ಬೇರೆ, ನಮ್ಮ ಅಲೆ ಮಾತ್ರ ಅದೇ ಹೊತ್ತಿಗೆ ಬರುತ್ತದೆ, ಹಾಗಾಗಿ ಕೂಡಿಸಿದಾಗ ಅದೇ ಎದ್ದು ಕಾಣುತ್ತದೆ. ತೋಳು ನೋಯುವುದು ಲೆಕ್ಕಕ್ಕಿಲ್ಲ.

ಸುತ್ತಿಗೆ ಏಟು ಹೋಗುವುದು ಕೆಲವು ಹತ್ತು ಮೀಟರ್ ಆಳಕ್ಕೆ. ಇನ್ನೂ ಆಳಕ್ಕೆ ಸಿಡಿಮದ್ದಿನಂಥ ದೊಡ್ಡ ಏಟು ಬೇಕು. 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ (ಎನ್‌ಜಿಆರ್‌ಐ) ವಿಜ್ಞಾನಿಗಳು ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಸುಮಾರು 600 ಕಿಲೋಮೀಟರ್ ಉದ್ದಕ್ಕೂ ಸ್ಫೋಟ ಮಾಡಿ ಅಲೆ ಅಳೆದರು. ಕಡಲಿನಿಂದ ಕಡಲಿಗೆ! ಈ ಸಾಲಿನ ಕೆಳಗೆ ಭೂಮಿಯ ತೊಗಟೆ ಸುಮಾರು 34ರಿಂದ 41 ಕಿಲೋಮೀಟರ್ ದಪ್ಪ ಅಂತ ಗೊತ್ತಾಯಿತು. ಅಗೆದು ನೋಡೋಣವೆಂದರೆ, ರಷ್ಯಾದ ಕೋಲಾದಲ್ಲಿ ಮನುಷ್ಯ ಕೊರೆದ ಅತಿ ಆಳದ ಬಾವಿಯೇ 12 ಕಿಲೋಮೀಟರ್ ಚಿಲ್ಲರೆ.

ಇಷ್ಟು ಹೇಳುವಷ್ಟರಲ್ಲಿ ಎರಡನೇ ಪ್ರಶ್ನೆ ಸಿದ್ಧ: "ಹಾಗಾದ್ರೆ ನಮ್ಮ ತೋಟಕ್ಕೊಂದು ಬೋರ್‌ವೆಲ್ ಪಾಯಿಂಟ್ ಹೇಳಿ!" ಅಲ್ಲಿ ನಾನು ಜಾರಿಕೊಳ್ಳುತ್ತೇನೆ. ಮಣ್ಣು ಎಲ್ಲಿ ಮುಗಿದು ಬಂಡೆ ಶುರು ಅಂತ ಅಲೆ ಹೇಳಬಹುದು. ಗ್ರಾನೈಟಿನ ಕೂದಲೆಳೆ ಬಿರುಕಿನಲ್ಲಿ ನೀರಿದೆಯೇ ಅನ್ನುವುದಕ್ಕೆ ನೆಲಕ್ಕೆ ಕರೆಂಟು ಹಾಯಿಸಿ ನೋಡುವ ವಿಧಾನವೇ ಹೆಚ್ಚು ಬಳಕೆ, ಅದೂ ಗ್ಯಾರಂಟಿ ಕೊಡುವುದಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಓಡಾಡುವವರ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ. ಅವರಲ್ಲೊಬ್ಬರು ನನ್ನ ಸೋದರಮಾವ.